ಚಂದ್ರನ ಹಾಜರಿ ಪುಸ್ತಕ

ಸಂಕಷ್ಟಿಯ ದಿನ ನಮ್ಮ ಮನೆಯಾಕೆ ಚಂದ್ರನನ್ನು ನೋಡಿಯೇ ಉಪವಾಸ ಬಿಡುವವಳು. ಈ ಸಲ ಐದನೇ ತರಗತಿಯ ಮೊಮ್ಮಗಳಿಗೆ ಸಿಟ್ಟು ಬಂತು. "ತಾತ, ಹುಣ್ಣಿಮೆ ದಿನ ಸಂಜೇನೇ ಬರ್ತಾನೆ. ಅಜ್ಜಿ ಹಸಿದುಕೊಂಡಿರೋ ದಿನ ಮಾತ್ರ ಯಾಕೆ ಒಂಬತ್ತು ಗಂಟೆ ಮಾಡ್ತಾನೆ?"

ನಾನು ಬಿ.ಕಾಂ. ಓದಿದವನು, ವಿಜ್ಞಾನದ ಮೇಷ್ಟರಲ್ಲ. ಆದರೆ ಇದು ಲೆಕ್ಕದ ಪ್ರಶ್ನೆ. ಬ್ಯಾಂಕಿನಲ್ಲಿ ಲೆಡ್ಜರ್ ಬರೆದ ಕೈಗೆ ಇಂಥದ್ದು ಸಿಕ್ಕರೆ ಬಿಡುವುದುಂಟೇ?

ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಸರಾಸರಿ 29½ ದಿನ. ಭೂಮಿ ಒಂದು ಸಲ ತನ್ನ ಸುತ್ತ ತಿರುಗುವಷ್ಟರಲ್ಲಿ ಚಂದ್ರ ತನ್ನ ದಾರಿಯಲ್ಲಿ ಪೂರ್ವಕ್ಕೆ ಒಂದಿಷ್ಟು ಸರಿದಿರುತ್ತಾನೆ. ಅವನು ಮತ್ತೆ ನಮಗೆ ಕಾಣಬೇಕಾದರೆ ಭೂಮಿ ಇನ್ನೂ ಸ್ವಲ್ಪ ತಿರುಗಬೇಕು. ಹೀಗೆ ದಿನವೂ ತಡವಾಗಿ, 29½ ದಿನದಲ್ಲಿ ಒಟ್ಟು 24 ಗಂಟೆ ಹಿಂದೆ ಬೀಳುತ್ತಾನೆ. 24 ಗಂಟೆ ಎಂದರೆ 1440 ನಿಮಿಷ. 29½ರಿಂದ ಭಾಗಿಸಿ. ಸುಮಾರು 49 ಬರುತ್ತದೆ, ಲೆಕ್ಕಕ್ಕೆ ಸುಲಭವಾಗಲೆಂದು 50 ಎನ್ನೋಣ. ದಿನಕ್ಕೆ 50 ನಿಮಿಷ ಲೇಟು! ಇಷ್ಟು ನಿಯತ್ತಿನಿಂದ ತಡಮಾಡುವ ನೌಕರನನ್ನು ನನ್ನ ಇಡೀ ಸರ್ವೀಸಿನಲ್ಲಿ ನಾನು ಕಂಡಿಲ್ಲ.

ಹುಣ್ಣಿಮೆಯಂದು ಸೂರ್ಯ ಮುಳುಗುವ ಹೊತ್ತಿಗೆ, ಆರೂವರೆ ಎಂದಿಟ್ಟುಕೊಳ್ಳಿ, ಚಂದ್ರ ಪೂರ್ವದಲ್ಲಿ ಹುಟ್ಟುತ್ತಾನೆ. ಸಂಕಷ್ಟಿ ಬರುವುದು ಹುಣ್ಣಿಮೆ ಕಳೆದ ಚೌತಿಗೆ. ಮೂರು ದಿನಕ್ಕೆ 150 ನಿಮಿಷ, ಅಂದರೆ ಎರಡೂವರೆ ಗಂಟೆ. ಆರೂವರೆಗೆ ಕೂಡಿಸಿದರೆ ಒಂಬತ್ತು. ಕೆಲವು ತಿಂಗಳು ನಡುವೆ ನಾಲ್ಕು ದಿನ ಬೀಳುತ್ತದೆ, ಆಗ ಅಜ್ಜಿಯ ಊಟ ಇನ್ನೂ ತಡ. ದಿನಕ್ಕೆ ಹತ್ತು ನಿಮಿಷದಷ್ಟು ಹೆಚ್ಚುಕಡಿಮೆ ಇರುತ್ತದೆ, ಸರಿಯಾದ ಹೊತ್ತು ಗೋಡೆಯ ಕ್ಯಾಲೆಂಡರಿನಲ್ಲಿ ಅಚ್ಚಾಗಿರುತ್ತದೆ. ಎದುರಿಗೆ ಅಪಾರ್ಟ್‌ಮೆಂಟ್ ಎದ್ದಿದ್ದರೆ ಅದನ್ನು ದಾಟಿ ಬರುವ ಸಮಯವನ್ನು ನೀವೇ ಸೇರಿಸಿಕೊಳ್ಳಬೇಕು.

ಇಷ್ಟು ಕೇಳಿ ಅವಳು, "ಚಂದ್ರ ಚಿಕ್ಕದಾಗೋದು ಯಾಕೆ ಅಂತ ನಂಗೊತ್ತು. ಭೂಮಿ ನೆರಳು ಬೀಳತ್ತೆ" ಅಂದಳು. ಡಿಗ್ರಿ ಮಾಡಿದ ದೊಡ್ಡವರೂ ಹೀಗೇ ಹೇಳುವುದನ್ನು ಕೇಳಿದ್ದೇನೆ. ಇದನ್ನು ಇಲ್ಲೇ ಬಿಟ್ಟರೆ ಇವಳೂ ನಾಳೆ ತನ್ನ ಮೊಮ್ಮಕ್ಕಳಿಗೆ ಅದನ್ನೇ ಹೇಳುತ್ತಾಳೆ.

ಮಕ್ಕಳೇ, ಶುಕ್ಲಪಕ್ಷದ ಸಪ್ತಮಿಯಂದೋ ಅಷ್ಟಮಿಯಂದೋ ಶಾಲೆಯಿಂದ ಬರುವಾಗ, ನಾಲ್ಕು ಗಂಟೆ ಸುಮಾರಿಗೆ, ತಲೆ ಎತ್ತಿ. ಸೂರ್ಯ ಪಶ್ಚಿಮದಲ್ಲಿರುತ್ತಾನೆ (ಅವನನ್ನು ನೇರವಾಗಿ ನೋಡಬೇಡಿ). ನೆತ್ತಿಯಿಂದ ಸ್ವಲ್ಪ ಪೂರ್ವಕ್ಕೆ ಬೆಳ್ಳಗೆ ಅರ್ಧಚಂದ್ರ ಇರುತ್ತಾನೆ. ಇಬ್ಬರೂ ಒಂದೇ ಆಕಾಶದಲ್ಲಿ! ನೆರಳು ಯಾವಾಗಲೂ ಬೆಳಕಿನ ಎದುರು ಬದಿಗೆ ಬೀಳುವಂಥದ್ದು. ಆ ಹೊತ್ತಿನಲ್ಲಿ ಭೂಮಿಯ ನೆರಳು ಪೂರ್ವ ದಿಗಂತದ ಕೆಳಗಡೆ ಇರುತ್ತದೆ. ಮೇಲಿರುವ ಚಂದ್ರನಿಗೆ ಅದು ತಾಗುವುದಾದರೂ ಹೇಗೆ?

ಹಾಗಾದರೆ ಅರ್ಧ ಏಕೆ? ಒಂದು ನಿಂಬೆಹಣ್ಣಿಗೆ ಕಡ್ಡಿ ಚುಚ್ಚಿ. ರಾತ್ರಿ ಕೋಣೆಯ ದೀಪಗಳನ್ನೆಲ್ಲ ಆರಿಸಿ, ಮುಖದ ಎತ್ತರಕ್ಕೆ ಒಂದೇ ಒಂದು ಬಲ್ಬು ಉಳಿಸಿಕೊಳ್ಳಿ. ಬಲ್ಬೇ ಸೂರ್ಯ, ನಿಂಬೆ ಚಂದ್ರ, ನಿಮ್ಮ ತಲೆ ಭೂಮಿ. ತೋಳು ಚಾಚಿ ಹಣ್ಣನ್ನು ಬಲ್ಬಿನ ಕಡೆ ಹಿಡಿಯಿರಿ. ನಿಮಗೆ ಕಾಣುವ ಬದಿ ಕತ್ತಲು, ಅದೇ ಅಮಾವಾಸ್ಯೆ. ನಿಧಾನವಾಗಿ ಎಡಕ್ಕೆ ತಿರುಗಿ. ಹಣ್ಣಿನ ಬಲ ಅಂಚಿನಲ್ಲಿ ಬೆಳಕಿನ ಗೆರೆ ಮೂಡಿದರೆ ಬಿದಿಗೆ. ಕಾಲು ಸುತ್ತಿಗೆ ಅರ್ಧ ಬೆಳಗುತ್ತದೆ. ಬಲ್ಬಿಗೆ ಬೆನ್ನು ಮಾಡಿ ಹಣ್ಣನ್ನು ತಲೆಗಿಂತ ಸ್ವಲ್ಪ ಮೇಲೆ ಹಿಡಿದರೆ ಪೂರ್ತಿ ಹುಣ್ಣಿಮೆ. ನೆರಳು ಎಲ್ಲೂ ಬರಲಿಲ್ಲ. ಹಣ್ಣಿನ ಅರ್ಧ ಭಾಗ ಯಾವಾಗಲೂ ಬೆಳಕಿನಲ್ಲೇ ಇತ್ತು, ಅದರಲ್ಲಿ ಎಷ್ಟು ನಿಮ್ಮ ಕಡೆಗಿತ್ತು ಎಂಬುದಷ್ಟೇ ಬದಲಾಯಿತು. ಈಗ ಹಣ್ಣನ್ನು ತಲೆಯ ನೇರಕ್ಕೆ ಇಳಿಸಿ. ತಲೆಯ ನೆರಳು ಬಿತ್ತಲ್ಲ, ಅದು ಗ್ರಹಣ. ಚಂದ್ರನ ದಾರಿ ಸುಮಾರು 5 ಡಿಗ್ರಿ ಓರೆಯಾಗಿರುವುದರಿಂದ ಪ್ರತಿ ಹುಣ್ಣಿಮೆಗೂ ಹಾಗಾಗುವುದಿಲ್ಲ.

ಅರ್ಧಚಂದ್ರನ ಬೆಳಕು ಕತ್ತಲು ಕೂಡುವ ಗೆರೆ ಇದೆಯಲ್ಲ, ಶುಕ್ಲಪಕ್ಷದಲ್ಲಿ ಅಲ್ಲಿ ಬೆಳಗಾಗುತ್ತಿರುತ್ತದೆ. ಚಂದ್ರಯಾನ-3ರ ವಿಕ್ರಮ್ 2023ರ ಆಗಸ್ಟ್ 23ರ ಸಂಜೆ ಇಳಿದದ್ದು ಅರ್ಧಚಂದ್ರನ ಹಿಂದಿನ ದಿನ. ಅದು ಕೆಲಸ ಮಾಡುವುದು ಬಿಸಿಲಿನಿಂದ, ಹಾಗಾಗಿ ಆ ಜಾಗದಲ್ಲಿ ಹಗಲು ಶುರುವಾಗುವ ಹೊತ್ತನ್ನೇ ನೋಡಿ ಇಸ್ರೋದವರು ದಿನ ಗೊತ್ತುಮಾಡಿದ್ದರು. ಅಲ್ಲಿಯ ಒಂದು ಹಗಲು ನಮ್ಮ ಸುಮಾರು 14 ದಿನ.

ಇನ್ನು ಅಜ್ಜ ಅಜ್ಜಿಯರಿಗೆ. ತಿಥಿ ಅಂದರೆ ಮೊಮ್ಮಕ್ಕಳು ನಕ್ಕರೆ ಅವರ ಕೈಯಲ್ಲೇ ಅಳೆಸಿ. ಪೂರ್ತಿ ಸುತ್ತು 360 ಡಿಗ್ರಿ, ತಿಥಿಗಳು 30. ಸೂರ್ಯನಿಂದ ಚಂದ್ರ 12 ಡಿಗ್ರಿ ದೂರವಾದರೆ ಒಂದು ತಿಥಿ ಮುಗಿಯಿತು. ತೋಳು ಚಾಚಿ ಹಿಡಿದ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ, ಅಂದರೆ ದಿನಕ್ಕೆ ಒಂದು ಮುಷ್ಟಿಗಿಂತ ತುಸು ಹೆಚ್ಚು. ಚಂದ್ರನ ವೇಗ ಒಂದೇ ಸಮ ಇರುವುದಿಲ್ಲ. ಹಾಗಾಗಿ ಒಂದು ತಿಥಿ 20 ಗಂಟೆಗೇ ಮುಗಿಯಬಹುದು, ಇನ್ನೊಂದು 26 ಗಂಟೆ ದಾಟಬಹುದು. ಕ್ಯಾಲೆಂಡರಿನಲ್ಲಿ 'ಇಷ್ಟು ಗಂಟೆಯವರೆಗೆ' ಎಂದು ಹಾಕುವುದು ಅದಕ್ಕೇ.

ನಮ್ಮ ಮನೆಯಲ್ಲಿ ಈಗ ಇದಕ್ಕೊಂದು ನೋಟ್‌ಬುಕ್ ಆಗಿದೆ. ತಾರೀಖು, ಗಂಟೆ, ದಿಕ್ಕು, ಚಂದ್ರನ ಚಿತ್ರ, ನೋಡಿದವರ ಸಹಿ. ನೀವೂ ಮಾಡುವುದಾದರೆ ಮಳೆಗಾಲ ಕಳೆದ ಮೇಲೆ ಶುರುಮಾಡುವುದು ಮೇಲು. ಮೋಡವಿದ್ದ ದಿನ 'ಮೋಡ' ಎಂದೇ ಬರೆಯಬೇಕು. ಕ್ಯಾಲೆಂಡರ್ ನೋಡಿಕೊಂಡು ಚಿತ್ರ ತುಂಬಿಸುವುದು ಸುಳ್ಳು ಎಂಟ್ರಿ, ಅದನ್ನು ನಾನು ಪಾಸ್ ಮಾಡುವುದಿಲ್ಲ.

ಈ ಖಾತೆ ಒಬ್ಬರಿಂದ ನಡೆಯುವುದಿಲ್ಲ, ಜಾಯಿಂಟ್ ಅಕೌಂಟೇ ಆಗಬೇಕು. ಬಿದಿಗೆಯಿಂದ ಹುಣ್ಣಿಮೆಯವರೆಗೆ ಸಂಜೆ ಆಟ ಮುಗಿಸಿದ ಮಕ್ಕಳಿಗೆ ಚಂದ್ರ ಸಿಗುತ್ತಾನೆ. ಹುಣ್ಣಿಮೆ ಕಳೆದು ನಾಲ್ಕೈದು ದಿನವಾದರೆ ಅವನು ಬರುವಷ್ಟರಲ್ಲಿ ಮಕ್ಕಳಿಗೆ ನಿದ್ದೆ. ಆಗ ಪಂಚಮಿಯಿಂದ ಅಷ್ಟಮಿಯವರೆಗೆ ಬೆಳಿಗ್ಗೆ ಶಾಲೆಯ ಬಸ್ಸಿಗೆ ಕಾಯುವಾಗ ಪಶ್ಚಿಮದ ಕಡೆ ನೋಡಿದರೆ ಇದ್ದೇ ಇರುತ್ತಾನೆ. ದ್ವಾದಶಿ, ತ್ರಯೋದಶಿಗೆ ಅವನು ಹುಟ್ಟುವುದೇ ಬೆಳಗಿನ ಜಾವ. ಆ ಎಂಟ್ರಿಗಳಿಗೆ ಐದು ಗಂಟೆಗೇ ಎಚ್ಚರವಾಗುವ ನಮ್ಮಂಥವರ ಸಹಿ.