ಐನೂರರಲ್ಲಿ ಒಂದು ಅಂದ್ರೆ ಏನು ಮಹಾ?

ಯಲಹಂಕ ನ್ಯೂ ಟೌನಿನ ಯಾವ ದರ್ಶಿನಿಯಲ್ಲಾದರೂ ಸರಿ, ಸಂಜೆ ಅರ್ಧ ಗಂಟೆ ನಿಂತು ಕಾಫಿ ಕುಡಿದು ನೋಡಿ. ಪಕ್ಕದ ಟೇಬಲ್ಲಿನ ಸುತ್ತ ಕತ್ತಿಗೆ ಐಡಿ ಕಾರ್ಡ್ ನೇತುಹಾಕಿಕೊಂಡ ಇಬ್ಬರು ಕಾರಿನ ವಿಷಯ ಮಾತಾಡ್ತಾ ಇರ್ತಾರೆ. ಮಾತು ಯಾವ ಕಾರಿನಿಂದ ಶುರುವಾದರೂ ಐದನೇ ನಿಮಿಷಕ್ಕೆ ಬಂದು ನಿಲ್ಲೋದು ಒಂದೇ ಕಡೆ: ರೀಸೇಲ್ ವ್ಯಾಲ್ಯೂ. ಇನ್ನೂ ಕೊಂಡೇ ಇಲ್ಲದ ಕಾರನ್ನು ಮಾರುವ ಚಿಂತೆ! ಹುಡುಗಿ ನೋಡೋಕೆ ಹೋದ ಮನೆಯಲ್ಲೇ ಡಿವೋರ್ಸ್ ವಕೀಲರ ಫೀಸು ವಿಚಾರಿಸಿದ ಹಾಗೆ.

ಈ ಕಾಯಿಲೆ ಎಷ್ಟು ಆಳಕ್ಕೆ ಇಳಿದಿದೆ ಅನ್ನೋದು ನನಗೆ ಗೊತ್ತಾಗಿದ್ದು ಪರಿಚಯದ ಹುಡುಗನೊಬ್ಬ ಸಲಹೆ ಕೇಳಿದಾಗ. ಅವನ ಮುಂದೆ ಎರಡು ಕಾರು. ಒಂದು, 2017ರ ಸ್ಕೋಡಾ ಆಕ್ಟೇವಿಯಾ ಆರ್‌ಎಸ್, ಎರಡನೇ ಮಾಲೀಕನ ಕೈಯಲ್ಲಿರೋದು. ಇನ್ನೊಂದು, ಅದೇ ಕಂಪನಿಯ ಹೊಚ್ಚ ಹೊಸ ಸ್ಲಾವಿಯಾ, ಬೇಸ್ ಮಾಡೆಲ್. ತಮಾಷೆ ಏನು ಅಂದ್ರೆ ಹಳೇ ಆರ್‌ಎಸ್‌ಗೆ ಕೇಳ್ತಾ ಇದ್ದ ಬೆಲೆ ಹೊಸ ಸ್ಲಾವಿಯಾದ ಆನ್‌ರೋಡ್ ಬೆಲೆಗಿಂತ ಜಾಸ್ತಿ. "ಅಷ್ಟು ವರ್ಷ ಓಡಿದ ಗಾಡಿಗೆ ಹೊಸದಕ್ಕಿಂತ ಜಾಸ್ತಿ ಕೊಡ್ತೀಯೇನೋ?" ಅಂತ ಅವರಪ್ಪ. "ಐನೂರೇ ಐನೂರು ಬಂದಿದ್ದು ಮಗಾ, ಮುಂದೆ ರೇಟ್ ಏರುತ್ತೆ, ಇನ್ವೆಸ್ಟ್‌ಮೆಂಟ್ ಅನ್ಕೋ" ಅಂತ ಗೆಳೆಯರು. ಅಪ್ಪ ಮತ್ತು ಗೆಳೆಯರು ಜಗಳ ಆಡ್ತಾ ಇದಾರೆ ಅಂತ ಹುಡುಗ ತಿಳ್ಕೊಂಡಿದ್ದ. ನನಗೆ ಹಾಗೆ ಕಾಣಲಿಲ್ಲ. ಇಬ್ಬರೂ ಕೇಳ್ತಾ ಇರೋದು ಒಂದೇ ಪ್ರಶ್ನೆ, ಇದನ್ನ ನಾಳೆ ಯಾರು ಕೊಳ್ತಾರೆ ಅಂತ. ಇವತ್ತು ಓಡಿಸೋನು ಯಾರು ಅಂತ ಒಬ್ಬರೂ ಕೇಳಿಲ್ಲ.

ನನ್ನ ವೋಟು ಆರ್‌ಎಸ್‌ಗೆ. ಆದರೆ ಆ ಗೆಳೆಯರು ಕೊಟ್ಟ ಕಾರಣಕ್ಕಲ್ಲ. ಅವರ ಕಾರಣವನ್ನೇ ಮೊದಲು ಎತ್ತಿ ಆಚೆಗೆಸೆಯಬೇಕು.

ಲಿಮಿಟೆಡ್ ಎಡಿಷನ್ ಅನ್ನೋ ಪದದ ಇತಿಹಾಸ ನೋಡಿ. 2017ರಲ್ಲಿ ಆರ್‌ಎಸ್ 230 ಬಂದಾಗ ಎಕ್ಸ್‌ಶೋರೂಂ ಬೆಲೆ ಸುಮಾರು 25 ಲಕ್ಷ, ಸಂಖ್ಯೆ ಸುಮಾರು 500. ಮುಗೀತು, ಇನ್ನು ಸಿಗಲ್ಲ ಅಂದ್ರು. 2020ರಲ್ಲಿ ಆರ್‌ಎಸ್ 245 ಬಂತು. ಬೆಲೆ 36 ಲಕ್ಷದ ಹತ್ತಿರ, ಸಂಖ್ಯೆ 200. ಅದೂ ಮುಗೀತು. 2025ರ ಅಕ್ಟೋಬರ್‌ನಲ್ಲಿ ಇನ್ನೊಂದು ಆರ್‌ಎಸ್, 265 ಪಿಎಸ್, ಬೆಲೆ 50 ಲಕ್ಷಕ್ಕೆ ಒಂದು ಸಾವಿರ ಕಮ್ಮಿ, ಸಂಖ್ಯೆ ಬರೀ 100. ಕೊನೆಯದು, ಕೊನೆಯದು ಅಂತ ಮತ್ತೆ ಮತ್ತೆ ಬರುವ ಈ ಆಟ ನಮ್ಮೂರಿನ ಬಟ್ಟೆ ಅಂಗಡಿಯ 'ಇಂದೇ ಕೊನೆ ದಿನ' ಬ್ಯಾನರಿಗಿಂತ ಹೇಗೆ ಬೇರೆ? ಸಂಖ್ಯೆ ಚಿಕ್ಕದಾಗ್ತಾ ಹೋಯ್ತು, ಬೆಲೆ ದೊಡ್ಡದಾಗ್ತಾ ಹೋಯ್ತು, ಅಷ್ಟೇ.

ಅಪರೂಪದ್ದಕ್ಕೆ ಬೆಲೆ ಇರುತ್ತೆ, ನಿಜ. ಹಳೇ ಆರ್‌ಎಸ್‌ಗಳು ಬೆಲೆಯನ್ನು ಅಷ್ಟಾಗಿ ಬಿಟ್ಟುಕೊಟ್ಟಿಲ್ಲ ಅನ್ನೋದೂ ನಿಜ. ಆದರೆ ಇನ್ವೆಸ್ಟ್‌ಮೆಂಟ್ ಅಂತ ಕೊಂಡವನ ಗತಿ ಯೋಚಿಸಿ. ಕಿಲೋಮೀಟರ್ ಏರಬಾರದು, ಆದ್ದರಿಂದ ಓಡಿಸೋ ಹಾಗಿಲ್ಲ. ಗೀರು ಬೀಳಬಾರದು, ಆದ್ದರಿಂದ ಆಫೀಸಿಗೆ ಒಯ್ಯೋ ಹಾಗಿಲ್ಲ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಕವರ್ ಹೊದಿಸಿ ನಿಲ್ಲಿಸಿ, ಬ್ಯಾಟರಿ ಕೂತು ಹೋಗದ ಹಾಗೆ ಭಾನುವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ, ಇಲಿ ವೈರು ಕಡಿದಿದೆಯಾ ಅಂತ ಬಾನೆಟ್ ಎತ್ತಿ ನೋಡಬೇಕು. 2032ಕ್ಕೆ ಆರ್‌ಸಿಯ ಹದಿನೈದು ವರ್ಷ ಮುಗಿಯುತ್ತೆ, ಆಮೇಲೆ ಎಫ್‌ಸಿ, ರಿನ್ಯೂವಲ್ ಅಂತ ಐದೈದು ವರ್ಷಕ್ಕೆ ಆರ್‌ಟಿಓ ಬಾಗಿಲು. ಇದಕ್ಕಿಂತ ಚಿನ್ನ ವಾಸಿ ಸ್ವಾಮಿ, ಲಾಕರಿನಲ್ಲಿ ಇಟ್ಟರೆ ಇಲಿ ಕಡಿಯಲ್ಲ. ಆದ್ದರಿಂದ ಮಾರುವವನು 'ಐನೂರರಲ್ಲಿ ಒಂದು' ಅಂದ ತಕ್ಷಣ ಚೌಕಾಸಿ ಶುರು ಮಾಡಿ. ಆ ಸಂಖ್ಯೆ ಗಾಡಿಯನ್ನು ಒಂದು ಇಂಚೂ ಮುಂದಕ್ಕೆ ತಳ್ಳಲ್ಲ.

ಇನ್ನು ಅಪ್ಪನ ಕಡೆ ಬರೋಣ. ಹೊಸ ಕಾರು, ಹೊಸ ವಾಸನೆ, ಚಕ್ರದ ಕೆಳಗೆ ನಿಂಬೆಹಣ್ಣು. ಇದರ ಬಗ್ಗೆ ನನಗೆ ಗೌರವ ಇದೆ. ಮನೆಯಲ್ಲಿ ಮೊದಲ ಸಲ ಕಾರು ಬರುವಾಗ ಅದು ಹೊಸದೇ ಆಗಿರಬೇಕು ಅನ್ನೋ ಆಸೆಯನ್ನು ಲೆಕ್ಕ ಹಾಕಿ ಗೆಲ್ಲೋಕಾಗಲ್ಲ. ಆದರೆ "ಹೊಸದು ತಗೊಂಡ್ರೆ ದುಡ್ಡು ಸೇಫು" ಅಂತೀರಲ್ಲ, ಅದಕ್ಕೆ ಮಾತ್ರ ಲೆಕ್ಕ ಉಂಟು. ಕರ್ನಾಟಕದಲ್ಲಿ ಹತ್ತು ಲಕ್ಷ ದಾಟಿದ ಕಾರಿಗೆ ಜೀವಿತಾವಧಿ ತೆರಿಗೆ ಶೇ. 17, ಆ ತೆರಿಗೆಯ ಮೇಲೆ ಶೇ. 11 ಸೆಸ್. ಹನ್ನೊಂದು ಲಕ್ಷದ ಗಾಡಿಗೆ ಎರಡು ಲಕ್ಷದ ಮೇಲೆ ಏಳು ಸಾವಿರ ಚಿಲ್ಲರೆ ಅಲ್ಲಿಗೇ ಹೋಯ್ತು. ಅದರೊಳಗೆ ಜಿಎಸ್‌ಟಿ ಬೇರೆ ಕೂತಿದೆ. ನಾಲ್ಕು ಮೀಟರ್ ದಾಟಿದ ಕಾರು ಅನ್ನೋ ಒಂದೇ ತಪ್ಪಿಗೆ ಒಂದು ಲೀಟರ್ ಎಂಜಿನ್ನಿನ ಸ್ಲಾವಿಯಾಗೂ 2025ರ ಸೆಪ್ಟೆಂಬರ್‌ನಿಂದ ಶೇ. 40. ವಿಮೆ ಲೆಕ್ಕದಲ್ಲಂತೂ ಗಾಡಿ ಒಂದು ವರ್ಷ ತುಂಬೋ ಹೊತ್ತಿಗೆ ಶೇ. 15, ಎರಡು ವರ್ಷಕ್ಕೆ ಶೇ. 20 ಕಳ್ಕೊಂಡಿರುತ್ತೆ. ಕೆಎ ನಂಬರಿನ ಹಳೇ ಆರ್‌ಎಸ್‌ಗೆ ಆ ಜೀವಿತಾವಧಿ ತೆರಿಗೆಯನ್ನು ಎಂದೋ ಕಟ್ಟಿ ಮುಗಿಸಿದ್ದಾನೆ ಮೊದಲ ಮಾಲೀಕ, ಪುಣ್ಯಾತ್ಮ. ನಿಮಗೆ ಉಳಿಯೋದು ಹೆಸರು ಬದಲಾವಣೆಯ ಅರ್ಜಿ, ಅದರ ಶುಲ್ಕ. ದುಡ್ಡು ಎಲ್ಲೂ ಸೇಫ್ ಅಲ್ಲ. ಯಾವುದಕ್ಕೆ ಕಳ್ಕೊಳ್ತೀರಿ ಅನ್ನೋದಷ್ಟೇ ನಿಮ್ಮ ಕೈಲಿರೋದು.

ಹಾಗಾದರೆ ಆರ್‌ಎಸ್‌ನಲ್ಲಿ ಏನಿದೆ? 230 ಪಿಎಸ್ ಅಂತ ಎಲ್ಲರೂ ಕುಣೀತಾರೆ. ಯಲಹಂಕದಲ್ಲಿ ಕೂತು 230 ಪಿಎಸ್ ಏನು ಮಾಡ್ತೀರಿ? ಬೆಳಗ್ಗೆ ಒಂಬತ್ತಕ್ಕೆ ಕೋಗಿಲು ಕ್ರಾಸಿನಿಂದ ಹೆಬ್ಬಾಳದ ಫ್ಲೈಓವರ್ ಕಡೆಗೆ ಹೊರಟರೆ ಫೆರಾರಿಯೂ ಒಂದೇ, ಹಾಲಿನ ವ್ಯಾನೂ ಒಂದೇ. ಏರ್‌ಪೋರ್ಟ್ ರೋಡಿನಲ್ಲಿ 80ರ ಮಿತಿ, ತಲೆ ಮೇಲೆ ಕ್ಯಾಮೆರಾ. ಆ ಮಿತಿ ದಾಟೋಕೆ ಆರ್‌ಎಸ್ ಬೇಕು ಅನ್ನೋರಿಗೆ ನಾನು ಬರೀತಾ ಇಲ್ಲ, ಅವರು ದಯವಿಟ್ಟು ಮುಂದಿನ ಲೇಖನಕ್ಕೆ ಹೋಗಬಹುದು. ರಾತ್ರಿ ಹನ್ನೊಂದರ ಮೇಲೆ ಎಲಿವೇಟೆಡ್ ರಸ್ತೆಯಲ್ಲಿ ರೇಸ್ ಬಿಡೋರ ಪಾಪಕ್ಕೆ ಕ್ಯಾಬ್ ಓಡಿಸೋನು, ಟೂವೀಲರಿನಲ್ಲಿ ಶಿಫ್ಟ್ ಮುಗಿಸಿ ಬರೋ ಹುಡುಗ ಬೆಲೆ ಕಟ್ಟಬೇಕಾಗುತ್ತೆ.

ಸ್ಪೋರ್ಟ್ಸ್ ಕಾರಿನ ಮಜಾ ಇರೋದು ಮೇಲ್ತುದಿಯ ವೇಗದಲ್ಲಲ್ಲ, ಅರವತ್ತರಲ್ಲಿ. ಆರ್‌ಎಸ್‌ನ ಹಿಂದಿನ ಸಸ್ಪೆನ್ಷನ್ ಮಲ್ಟಿಲಿಂಕ್, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್. ಸ್ಲಾವಿಯಾದಲ್ಲಿ ಹಿಂದೆ ಟಾರ್ಷನ್ ಬೀಮ್, ಡ್ರಮ್ ಬ್ರೇಕ್. ಕಾಗದದ ಮೇಲೆ ಇವು ಬರೀ ಪದ. ಆದರೆ ಶನಿವಾರ ಬೆಳಕು ಹರಿಯೋ ಮುಂಚೆ ಮನೆಯಿಂದ ಹೊರಟು ಚಿಕ್ಕಜಾಲ, ದೇವನಹಳ್ಳಿ ದಾಟಿ ನಂದಿ ಬೆಟ್ಟದ ಬುಡದ ತಿರುವುಗಳಿಗೆ ಬನ್ನಿ. ತಿರುವಿನ ನಡುವೆ ಒಂದು ಗುಂಡಿ ಸಿಗುತ್ತೆ, ಸಿಕ್ಕೇ ಸಿಗುತ್ತೆ. ಬೀಮ್ ಇರುವ ಗಾಡಿಯಲ್ಲಿ ಒಂದು ಚಕ್ರದ ಪೆಟ್ಟು ಇನ್ನೊಂದಕ್ಕೂ ದಾಟಿ ಗಾಡಿಯ ಹಿಂಭಾಗ ಸಣ್ಣಗೆ ಅದುರಿ ಜಾಗ ಬದಲಿಸುತ್ತೆ. ಮಲ್ಟಿಲಿಂಕ್‌ನಲ್ಲಿ ಆ ಚಕ್ರ ತನ್ನ ಪಾಡಿಗೆ ತಾನು ಇಳಿದು ಹತ್ತುತ್ತೆ, ನಿಮ್ಮ ಕೈಯಲ್ಲಿರೋ ಸ್ಟೀರಿಂಗ್‌ಗೆ ಸುದ್ದಿ ಮಾತ್ರ ಬರುತ್ತೆ. ಗಂಟೆಗೆ ಐವತ್ತು ಕಿಲೋಮೀಟರ್‌ನಲ್ಲೂ ಇದು ಗೊತ್ತಾಗುತ್ತೆ. ದುಡ್ಡು ಕೊಡಬೇಕಾದ್ದು ಇದಕ್ಕೆ. ಯಲಹಂಕದವರಿಗೆ ಒಂದು ಅದೃಷ್ಟ ಏನಂದ್ರೆ, ಜಯನಗರದವರಿಗೆ ಈ ರಸ್ತೆಗೆ ಬರೋಕೆ ಇಡೀ ಊರು ದಾಟಬೇಕು, ನಮಗೆ ಮನೆ ಬಾಗಿಲಲ್ಲೇ ಇದೆ. ಆ ಬೆಳಗು ನಿಮಗೆ ಬೇಡ, ನಿದ್ದೆಯೇ ಸಾಕು ಅಂದ್ರೆ ಆರ್‌ಎಸ್ ನಿಮಗೆ ದಂಡ.

ಈಗ ಗೆಳೆಯರು ಯಾರೂ ಹೇಳದ ಭಾಗ. ಇದನ್ನು ಓದದೆ ಅಡ್ವಾನ್ಸ್ ಕೊಟ್ಟುಬಿಡಬೇಡಿ.

ಆಕ್ಟೇವಿಯಾ 2023ರಲ್ಲಿ ಇಲ್ಲಿನ ಶೋರೂಂನಿಂದ ಹೋಯ್ತು. ಸರ್ವೀಸ್ ಇದೆ, ಆದರೆ ಆರ್‌ಎಸ್‌ಗೇ ಮೀಸಲಾದ ಬಂಪರು, ದೀಪ, ಸಸ್ಪೆನ್ಷನ್ ಭಾಗ ಬೇಕಾದರೆ ಕಾಯಬೇಕು, ಬೆಲೆ ಕೇಳಿದ ಮೇಲೆ ಸ್ವಲ್ಪ ಹೊತ್ತು ಕೂರಬೇಕು. ಸ್ಲಾವಿಯಾ ಪುಣೆ ಹತ್ತಿರದ ಚಾಕಣದಲ್ಲಿ ತಯಾರಾಗೋ ಗಾಡಿ, ಬಹುಪಾಲು ಬಿಡಿಭಾಗ ಇಲ್ಲಿಯದೇ. ಅದರ ಬೇಸ್ ಮಾಡೆಲ್ಲಿಗೂ ಆರು ಏರ್‌ಬ್ಯಾಗ್, ಗ್ಲೋಬಲ್ ಎನ್‌ಕ್ಯಾಪ್‌ನಲ್ಲಿ ಐದು ಸ್ಟಾರ್ ಪಡೆದ ಮೈಕಟ್ಟು, ಮೇಲಿನ ಟ್ರಿಮ್ಮಿನಲ್ಲಿರೋ ಅದೇ 115 ಪಿಎಸ್‌ನ ಒಂದು ಲೀಟರ್ ಟರ್ಬೊ. ಬೇಸ್ ಮಾಡೆಲ್ ಅಂತ ಮೂಗು ಮುರಿಯೋರು ಅಲಾಯ್ ವೀಲಿಗೂ ಸನ್‌ರೂಫಿಗೂ ಮೂಗು ಮುರೀತಾ ಇದಾರೆ, ಕಾರಿಗಲ್ಲ.

ಆಮೇಲೆ ಪೆಟ್ರೋಲು. ಈಗ ಬಂಕಿನಲ್ಲಿ ಬರೋದು ಶೇ. 20 ಎಥನಾಲ್ ಬೆರೆತದ್ದು. 2017ರ ಗಾಡಿ ತಯಾರಾದಾಗ ಅದು ಯಾರ ಲೆಕ್ಕದಲ್ಲೂ ಇರಲಿಲ್ಲ. ಹಳೇ ಇಂಧನಕ್ಕೆ ರೂಪಿಸಿದ ಕಾರುಗಳಲ್ಲಿ ಮೈಲೇಜ್ ಶೇ. 6-7 ಬೀಳಬಹುದು ಅಂತ ನೀತಿ ಆಯೋಗದ 2021ರ ವರದಿಯೇ ಅಂದಾಜಿಸಿತ್ತು. ರಬ್ಬರ್ ಪೈಪು, ಸೀಲುಗಳ ಮೇಲೆ ಕಣ್ಣಿಡೋದು ಇನ್ನು ನಿಮ್ಮ ಕೆಲಸ. ಗೇರ್‌ಬಾಕ್ಸ್ ಆರು ಸ್ಪೀಡಿನ ವೆಟ್ ಕ್ಲಚ್ ಡಿಎಸ್‌ಜಿ, ಗಟ್ಟಿ ಆಸಾಮಿ, ಆದರೆ ಅರವತ್ತು ಸಾವಿರ ಕಿಲೋಮೀಟರಿಗೆ ಎಣ್ಣೆ ಬದಲಾಗಿರಬೇಕು. ಬದಲಾಗಿದೆ ಅಂತ ಬಾಯಲ್ಲಿ ಹೇಳಿದರೆ ಸಾಲದು, ಬಿಲ್ಲು ತೋರಿಸಲಿ.

ನನಗೆ ನಿಜವಾಗಿ ಭಯ ಇರೋದು ವಿಮೆಯ ಬಗ್ಗೆ. ಐದು ವರ್ಷ ದಾಟಿದ ಗಾಡಿಯ ಐಡಿವಿ ನೀವು ಮತ್ತು ಕಂಪನಿ ಮಾತಾಡಿ ಒಪ್ಪಿಕೊಂಡ ಸಂಖ್ಯೆ. ಪ್ರೀಮಿಯಂ ಉಳಿಸೋಕೆ ಅಂತ ಅದನ್ನ ಕಮ್ಮಿ ಹಾಕಿಸ್ತಾರೆ ಜನ. ರಿಪೇರಿ ಖರ್ಚು ಐಡಿವಿಯ ಶೇ. 75 ದಾಟಿದರೆ ಗಾಡಿ ಲೆಕ್ಕಕ್ಕೆ ಟೋಟಲ್ ಲಾಸ್. ದುಬಾರಿ ಬಿಡಿಭಾಗ, ಕಮ್ಮಿ ಐಡಿವಿ, ಇವೆರಡೂ ಒಟ್ಟಿಗೆ ಸೇರಿದರೆ ಒಂದು ಮಧ್ಯಮ ಗಾತ್ರದ ಡಿಕ್ಕಿ ಸಾಕು. ಇಪ್ಪತ್ತು ಲಕ್ಷದ ಪ್ರೀತಿಗೆ ಹತ್ತು ಲಕ್ಷದ ಚೆಕ್ಕು ಬರುತ್ತೆ, 'ಐನೂರರಲ್ಲಿ ಒಂದು' ಅಂತ ಸರ್ವೇಯರ್ ಮುಂದೆ ಅತ್ತರೆ ಕೇಳಲ್ಲ. ಹಳೇ ಮಾಲೀಕನ ನೋ ಕ್ಲೇಮ್ ಬೋನಸ್ಸೂ ನಿಮಗೆ ದಾಟಲ್ಲ. ಪಾಲಿಸಿ ನಿಮ್ಮ ಹೆಸರಿಗೆ ಬದಲಾಯಿಸಿಕೊಳ್ಳೋಕೆ ಹದಿನಾಲ್ಕು ದಿನ, ಅದನ್ನ ಮರೆತು ನಂದಿ ಬೆಟ್ಟಕ್ಕೆ ಹೋಗಬೇಡಿ.

ಹಾಗಾಗಿ ನನ್ನ ಷರತ್ತು ಒಂದೇ, ಅದರಲ್ಲಿ ರಿಯಾಯಿತಿ ಇಲ್ಲ. ಕಾರಿನ ಬೆಲೆ ಪೂರ್ತಿ ಕೈಯಲ್ಲಿರಬೇಕು, ಅದರ ಕಾಲು ಭಾಗ ಬೇರೆಯಾಗಿ ಬ್ಯಾಂಕಿನಲ್ಲಿರಬೇಕು. ಇಎಂಐ ಮೇಲೆ ಹಳೇ ಸ್ಪೋರ್ಟ್ಸ್ ಕಾರು ಕೊಳ್ಳೋದು ಅಂದ್ರೆ ಸಾಲ ಮಾಡಿ ಕುದುರೆ ತಂದು ಹುರುಳಿಗೆ ಮತ್ತೆ ಸಾಲ ಕೇಳಿದ ಹಾಗೆ. ಹಳೇ ಕಾರಿನ ಸಾಲಕ್ಕೆ ಬಡ್ಡಿಯೂ ಜಾಸ್ತಿ. ಟರ್ಬೊ ಹೋದ ತಿಂಗಳು ಇಎಂಐ ಏನು ರಜೆ ಕೊಡುತ್ತಾ? ಲೇಆಫ್ ಮೇಲ್ ಬಂದ ವಾರ? ಮಾನ್ಯತಾ ಟೆಕ್ ಪಾರ್ಕಿನಲ್ಲಿ ಕೆಲಸ ಮಾಡೋರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಸಾಲ ಮಾಡಲೇಬೇಕು ಅಂದ್ರೆ ಸ್ಲಾವಿಯಾ ತಗೊಳ್ಳಿ, ವಾರಂಟಿ ಇರುತ್ತೆ, ತಲೆ ಎತ್ತಿಕೊಂಡು ಓಡಿಸಿ. ಆರ್‌ಎಸ್ ಐದು ವರ್ಷ ಆದ ಮೇಲೂ ಎಲ್ಲೋ ಇರುತ್ತೆ. ಐನೂರು ಮುಗಿದರೆ ಇನ್ನೂರು, ಇನ್ನೂರು ಮುಗಿದರೆ ನೂರು, ಅವರು ತರ್ತಾನೇ ಇರ್ತಾರೆ.

ದುಡ್ಡೂ ಇದೆ, ಬೆಳಗ್ಗೆ ಏಳೋ ಮನಸ್ಸೂ ಇದೆ ಅನ್ನೋರಿಗೆ ಇನ್ನೆರಡು ಮಾತು. ಬೇರೆ ರಾಜ್ಯದ ನಂಬರಿನ ಗಾಡಿ ಅಗ್ಗಕ್ಕೆ ಸಿಗ್ತಾ ಇದೆ ಅಂದ್ರೆ ಅದು ಅಗ್ಗ ಅಲ್ಲ. ಇಲ್ಲೇ ಇಟ್ಟುಕೊಳ್ಳೋದಾದರೆ ಎನ್‌ಓಸಿ ತರಬೇಕು, ಗಾಡಿಯ ವಯಸ್ಸಿಗೆ ತಕ್ಕ ಜೀವಿತಾವಧಿ ತೆರಿಗೆಯನ್ನು ಇಲ್ಲಿ ಹೊಸದಾಗಿ ಕಟ್ಟಬೇಕು, ಆಮೇಲೆ ಕೆಎ 50 ಸಿಗುತ್ತೆ. ಅಲ್ಲಿ ಕಟ್ಟಿದ್ದನ್ನು ವಾಪಸ್ ಪಡೆಯೋದು ಹಳೇ ಆರ್‌ಟಿಓದ ಹಿಂದೆ ಅಲೆಯುವ ಇನ್ನೊಂದು ಕಥೆ. ಎಂಜಿನ್ ರೀಮ್ಯಾಪ್ ಮಾಡಿಸಿ ಎರಡು ವರ್ಷ ಚಚ್ಚಿ, ಮಾರುವ ಮುಂಚೆ ಸ್ಟಾಕ್‌ಗೆ ತಂದಿಟ್ಟವರೂ ಇದಾರೆ. ಕಂಪನಿಯ ಸರ್ವೀಸ್ ದಾಖಲೆಯನ್ನು ರಿಜಿಸ್ಟ್ರೇಷನ್ ನಂಬರ್ ಹಾಕಿ ತೆಗೆಸಿ. ಮಾಲೀಕರ ಮೆಕ್ಯಾನಿಕ್ ಬೇಡ, ನಿಮ್ಮ ಮೆಕ್ಯಾನಿಕ್ಕನ್ನು ಕರ್ಕೊಂಡು ಹೋಗಿ.

ಟೆಸ್ಟ್ ಡ್ರೈವಿಗೆ ಮಾಲೀಕರು ಖುಷಿಯಿಂದ ಏರ್‌ಪೋರ್ಟ್ ರೋಡಿಗೇ ಕರೀತಾರೆ. ಬೇಡ ಅನ್ನಿ. ಅಲ್ಲಿ ಎಲ್ಲಾ ಕಾರೂ ಚೆನ್ನಾಗೇ ಓಡುತ್ತೆ. ಹಳೇ ಯಲಹಂಕದೊಳಗೆ ಸಂತೆ ಸರ್ಕಲ್ ಕಡೆ ತಿರುಗಿಸಿ, ಕಿಟಕಿ ಇಳಿಸಿ, ಮ್ಯೂಸಿಕ್ ಆಫ್ ಮಾಡಿಸಿ. ಹಂಪಿನ ಮೇಲೆ ನಿಧಾನಕ್ಕೆ ಹತ್ತಿಸಿ ಇಳಿಸುವಾಗ ಎಡಗಡೆ ಮುಂದಿನ ಚಕ್ರದಿಂದ ಕಟ್ ಅಂತ ಸದ್ದು ಬರುತ್ತಾ, ಜಾಮಿನಲ್ಲಿ ತೆವಳುವಾಗ ಗೇರ್ ಒಂದರಿಂದ ಎರಡಕ್ಕೆ ಹೋಗುವಾಗ ಗಾಡಿ ತಡವರಿಸುತ್ತಾ, ಅದನ್ನ ಕೇಳಿಸಿಕೊಳ್ಳಿ. ಮಾಲೀಕರು ಆ ಹೊತ್ತಿಗೆ ಐನೂರರ ಕಥೆ ಶುರು ಮಾಡಿರ್ತಾರೆ. ಒಂದು ನಿಮಿಷ ಸುಮ್ಮನಿರಿ ಸಾರ್, ಅನ್ನಿ.