ಅಗ್ಗದ ಗೇಮಿಂಗ್ ಕುರ್ಚಿ: ನೋಟಕ್ಕಿಂತ ಬಾಳಿಕೆ ಮುಖ್ಯವಾಗಲಿ

ಗಣಕಯಂತ್ರದ ಆಟಗಾರರಿಗೆಂದು ರೂಪುಗೊಂಡ ಗೇಮಿಂಗ್ ಕುರ್ಚಿಯು ಇಂದು ವಿದ್ಯಾರ್ಥಿಗಳ ಓದುಕೋಣೆಗೂ ಮನೆಯಿಂದ ಕೆಲಸ ಮಾಡುವವರ ಮೇಜಿನ ಬಳಿಗೂ ಬಂದಿದೆ. ಹತ್ತು ಸಾವಿರ ರೂಪಾಯಿಯೊಳಗಿನ ಇಂತಹ ಕುರ್ಚಿಗಳನ್ನು ಪೀಠೋಪಕರಣದ ಅಂಗಡಿಗಳಷ್ಟೇ ಅಲ್ಲದೆ ಗಣಕ ಬಿಡಿಭಾಗಗಳ ವರ್ತಕರೂ ಮಾರುತ್ತಿದ್ದಾರೆ. ಆದರೆ ಈ ವ್ಯಾಪಾರದಲ್ಲಿ ನೋಟಕ್ಕೆ ಸಲ್ಲುವ ಗಮನ ಬಾಳಿಕೆಗೆ ಸಲ್ಲುತ್ತಿಲ್ಲ. ಇದರ ನಷ್ಟ ಗ್ರಾಹಕರಿಗೆ ಮಾತ್ರವಲ್ಲ, ವರ್ತಕರಿಗೂ ತಟ್ಟುತ್ತದೆ.

ಈ ಕುರ್ಚಿಯ ಆಕಾರವು ಪಂದ್ಯದ ಕಾರಿನ ಆಸನದಿಂದ ಬಂದುದು. ತಿರುವಿನಲ್ಲಿ ಚಾಲಕನು ಪಕ್ಕಕ್ಕೆ ಜಾರದಂತೆ ಹಿಡಿದಿಡುವುದೇ ಅದರ ಎತ್ತರಿಸಿದ ಅಂಚುಗಳ ಕೆಲಸ. ಮೇಜಿನ ಮುಂದೆ ಆ ಅಗತ್ಯವಿಲ್ಲ. ಅಗಲ ಮೈಕಟ್ಟಿನವರಿಗೆ ಅವೇ ಅಂಚುಗಳು ತೊಡೆಯನ್ನೂ ಭುಜವನ್ನೂ ಒತ್ತುತ್ತವೆ.

ಬೆಲೆ ಇಳಿಸಲು ಹೊರಟಾಗ ಮೊದಲು ಕತ್ತರಿ ಬೀಳುವುದು ಕಣ್ಣಿಗೆ ಕಾಣದ ಫೋಮಿಗೆ. ಗ್ರಾಹಕರು ಕೈಯಿಂದ ಒತ್ತಿನೋಡಿ ಗಟ್ಟಿಯಾಗಿದೆಯೆಂದು ಮೆಚ್ಚುತ್ತಾರೆ. ಗಡಸುತನವೇ ಬೇರೆ, ಸಾಂದ್ರತೆಯೇ ಬೇರೆ. ಕಡಿಮೆ ಸಾಂದ್ರತೆಯ ಫೋಮನ್ನೂ ಗಡುಸಾಗಿ ತಯಾರಿಸಬಹುದು. ಅದು ಅಂಗಡಿಯಲ್ಲಿ ಹಿತವೆನಿಸಿ, ನಿತ್ಯದ ಬಳಕೆಯಲ್ಲಿ ಬೇಗನೆ ಕುಸಿಯುತ್ತದೆ. ದಿನವಿಡೀ ಕೂರುವ ಆಸನಕ್ಕೆ ಘನಮೀಟರಿಗೆ 40 ಕಿಲೋಗ್ರಾಂ ಅಥವಾ ಅದಕ್ಕೂ ಹೆಚ್ಚಿನ ಸಾಂದ್ರತೆ ಇರುವುದು ಲೇಸು.

ಎರಡನೆಯದು ಹೊದಿಕೆ. ಅಗ್ಗದ ಕೃತಕ ಚರ್ಮದ ಪಾಲಿಯುರೆಥೇನ್ ಪದರವು ಸೆಖೆ ಮತ್ತು ತೇವದಲ್ಲಿ ರಾಸಾಯನಿಕವಾಗಿ ಶಿಥಿಲಗೊಂಡು ಸಿಪ್ಪೆಯೇಳುತ್ತದೆ. ಕರಾವಳಿಯಂತಹ ಪ್ರದೇಶಗಳಿಗೆ ಗಾಳಿಯಾಡುವ ಬಟ್ಟೆ ಅಥವಾ ಜಾಲರಿಯ ಹೊದಿಕೆಯೇ ಹೆಚ್ಚು ಸೂಕ್ತ.

ಮಾರಾಟದ ಭರದಲ್ಲಿ ಬಾಯಿಗೆ ಬಂದಷ್ಟು ವರ್ಷಗಳ ಖಾತರಿ ಹೇಳುವುದೂ ಅಪಾಯಕಾರಿ. 2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ, ತಯಾರಕರ ಖಾತರಿಯ ಹೊರತಾಗಿ ಮಾರಾಟಗಾರರು ತಾವೇ ಸ್ಪಷ್ಟ ಖಾತರಿ ನೀಡಿ, ಸರಕು ಅದಕ್ಕೆ ತಕ್ಕಂತಿರದೆ ಗ್ರಾಹಕರಿಗೆ ಪೆಟ್ಟಾದರೆ, ಮಾರಾಟಗಾರರೂ ಹೊಣೆಗಾರರಾಗಬಹುದು. ತಯಾರಕರು ಯಾರೆಂದು ತಿಳಿಯದಿದ್ದಾಗಲೂ ಹಾಗೆಯೇ. ಹೆಸರಿಲ್ಲದ ಸರಕನ್ನು ದಾಸ್ತಾನು ಮಾಡುವವರು ಇದನ್ನು ಮರೆಯಬಾರದು.

ಗುಣಮಟ್ಟ ಹೆಚ್ಚಿಸಿದರೆ ಬೆಲೆಯೇರಿ ಗ್ರಾಹಕರು ಕೈಬಿಡುತ್ತಾರೆಂಬ ಆತಂಕ ಸಹಜವಾದುದೇ. ಆದರೆ 6,000 ರೂಪಾಯಿಯ ಕುರ್ಚಿ ಎರಡು ವರ್ಷ ಬಾಳಿದರೆ ವರ್ಷಕ್ಕೆ ತಗಲುವ ವೆಚ್ಚ 3,000. 9,000 ರೂಪಾಯಿಯದು ಐದು ವರ್ಷ ಬಾಳಿದರೆ ಕೇವಲ 1,800. ಈ ಲೆಕ್ಕವನ್ನು ಗ್ರಾಹಕರ ಮುಂದಿಡುವುದೇ ನಿಜವಾದ ಮಾರಾಟಕಲೆ.

ಕಿರು ತಯಾರಕರಿಗೂ ಇಲ್ಲಿ ಅವಕಾಶವಿದೆ. ಕಂಟೇನರುಗಟ್ಟಲೆ ಬರುವ ಆಮದು ಸರಕಿನೊಡನೆ ಬಣ್ಣ-ಆಕಾರಗಳಲ್ಲಿ ಸ್ಪರ್ಧಿಸುವುದು ಕಷ್ಟ. ಫೋಮು, ಹೊಲಿಗೆ, ದುರಸ್ತಿಗಳಲ್ಲಿ ಸ್ಪರ್ಧಿಸಬಹುದು. ಕುರ್ಚಿಯ ಚಕ್ರಗಳ ಕಡ್ಡಿ ಸಾಮಾನ್ಯವಾಗಿ 11 ಮಿಲಿಮೀಟರಿನದು. ಎತ್ತರ ಹೊಂದಿಸುವ ಗ್ಯಾಸ್ ಸಿಲಿಂಡರನ್ನೂ ಬದಲಿಸಬಹುದು. ಈ ಬಿಡಿಭಾಗಗಳು ಅಂಗಡಿಯಲ್ಲಿದ್ದರೆ ಇಡೀ ಕುರ್ಚಿ ಮೂಲೆ ಸೇರಬೇಕಿಲ್ಲ. ಭಾರತೀಯ ಮಾನಕ ಬ್ಯೂರೋ 2022ರಲ್ಲಿ ಕೆಲಸದ ಕುರ್ಚಿಗಳಿಗೆಂದು ಐಎಸ್ 17631 ಮಾನಕವನ್ನು ಪ್ರಕಟಿಸಿತು. ತಯಾರಿಕೆಗೆ ಅದನ್ನೇ ಅಳತೆಗೋಲಾಗಿ ಇರಿಸಿಕೊಳ್ಳಬಹುದು.

ಫೋಮಿನ ಸಾಂದ್ರತೆ, ಹೊದಿಕೆಯ ವಸ್ತು, ತಾಳಬಲ್ಲ ತೂಕ, ಬಿಡಿಭಾಗಗಳು ದೊರೆಯುವ ಸ್ಥಳ – ಈ ನಾಲ್ಕು ಸಂಗತಿಗಳನ್ನು ಪ್ರತಿ ಕುರ್ಚಿಯ ಚೀಟಿಯಲ್ಲಿ ಅಚ್ಚುಮಾಡುವ ಪದ್ಧತಿಯನ್ನು ವರ್ತಕರೂ ತಯಾರಕರೂ ಸ್ವಯಂಪ್ರೇರಣೆಯಿಂದ ಆರಂಭಿಸಬೇಕು. ಅದಕ್ಕೆ ತಗಲುವ ಖರ್ಚು ಅತ್ಯಲ್ಪ. ಅದರಿಂದ ಉಳಿಯುವ ಗಿರಾಕಿಯ ವಿಶ್ವಾಸವಾದರೋ ಅಂಗಡಿಯ ಸ್ಥಿರ ಬಂಡವಾಳ.