ಅಳಿಸಿಹೋಯಿತೇ, ಅಳಿಸಿದರೇ?

ಕಚೇರಿಯ ಕಂಪ್ಯೂಟರಿನಲ್ಲಿದ್ದ ಲೆಕ್ಕ ಒಂದು ಬೆಳಗ್ಗೆ ಕಾಣೆಯಾದರೆ, ಕೇಳಿದವರಿಗೆಲ್ಲ ಸಿಗುವ ಉತ್ತರ ಒಂದೇ: "ಅಳಿಸಿಹೋಯಿತು." ಈ ವಾಕ್ಯದಲ್ಲಿ ಕರ್ತೃಪದವಿಲ್ಲ. ಸಿಡಿಲು ಬಡಿದಂತೆ, ಕೆರೆ ಒಡೆದಂತೆ, ಯಾರ ಕೈಯೂ ಇಲ್ಲದೆ ತಾನಾಗಿ ನಡೆದ ಸಂಗತಿಯೆಂಬ ಭಾವನೆಯನ್ನು ಅದು ಹುಟ್ಟಿಸುತ್ತದೆ. ಪಹಣಿ, ಪಡಿತರದ ಪಟ್ಟಿ, ಸಹಕಾರ ಸಂಘದ ಸಾಲದ ಖಾತೆ ಎಲ್ಲವೂ ಕಂಪ್ಯೂಟರ್ ಸೇರಿರುವ ಈ ಕಾಲದಲ್ಲಿ, ಕರ್ತೃವಿಲ್ಲದ ಈ ವಾಕ್ಯವನ್ನು ದುಡಿಯುವ ಜನ ಒಪ್ಪಿಕೊಳ್ಳಕೂಡದು.

ಮೊದಲು ಯಂತ್ರದ ಮಾತು. ಹಾರ್ಡ್ ಡಿಸ್ಕ್ ಎಂದರೆ ಅಯಸ್ಕಾಂತದ ಗುಣವುಳ್ಳ ಲೇಪ ಹಚ್ಚಿದ ತಟ್ಟೆ. ಅದರಲ್ಲಿ ಬರಹ ಒಂದು ಕಡೆ ಇದ್ದರೆ, ಆ ಬರಹ ಎಲ್ಲಿದೆಯೆಂದು ತಿಳಿಸುವ ಪರಿವಿಡಿ ಇನ್ನೊಂದು ಕಡೆ ಇರುತ್ತದೆ. ಸಾಮಾನ್ಯವಾಗಿ ಫೈಲನ್ನು ಅಳಿಸಿದಾಗ ಹೋಗುವುದು ಪರಿವಿಡಿಯ ನಮೂದು ಮಾತ್ರ. ಅದೇ ಜಾಗದಲ್ಲಿ ಹೊಸ ಬರಹ ಬೀಳುವ ತನಕ ಹಳೆಯದು ತಟ್ಟೆಯ ಮೇಲೆಯೇ ಉಳಿದಿರುತ್ತದೆ. ಆದ್ದರಿಂದ ಲೆಕ್ಕ ಕಾಣೆಯಾದೊಡನೆ ಆ ಯಂತ್ರದಲ್ಲಿ ಕೆಲಸ ನಿಲ್ಲಿಸುವುದೇ ಮೊದಲ ವಿವೇಕ.

ಕಾಣೆಯಾಗಲು ಕಾರಣಗಳು ಹಲವು. ಗ್ರಾಮಾಫೋನಿನ ಮುಳ್ಳಿನಂತೆ ಓಡಾಡುವ ಹೆಡ್ ತಟ್ಟೆಗೆ ತಗುಲಿ ಗೀರು ಬಿದ್ದಿರಬಹುದು. ಬರೆಯುತ್ತಿರುವಾಗಲೇ ಕರೆಂಟು ಹೋಗಿ ಪರಿವಿಡಿ ಕೆಟ್ಟಿರಬಹುದು. ಯಾರೋ ಕೈತಪ್ಪಿ ಆಜ್ಞೆ ಕೊಟ್ಟಿರಬಹುದು. ಹೊರಗಿನವರು ನುಗ್ಗಿರಬಹುದು. ಯಂತ್ರ ಮಾಡಿ ಮಾರಿದವರ ಕೆಲಸದಲ್ಲಿಯೇ ಹುಳುಕಿರಬಹುದು. ಆಜ್ಞೆಯಿಂದ ಅಳಿಸಿದ್ದಾದರೆ ಯಂತ್ರದ ದಿನಚರಿಯಲ್ಲಿ, ಅಂದರೆ ಲಾಗ್‌ನಲ್ಲಿ, ಗಂಟೆ ನಿಮಿಷ ಸಮೇತ ಗುರುತು ಉಳಿದಿರುವುದುಂಟು. ಹುಡುಕುವವರಿಗೆ ಮನಸ್ಸಿರಬೇಕು, ಅಷ್ಟೆ.

2021ರ ಜೂನ್ ತಿಂಗಳಲ್ಲಿ ಇದಕ್ಕೊಂದು ದೊಡ್ಡ ನಿದರ್ಶನ ಸಿಕ್ಕಿತು. ಅಮೆರಿಕದ ವೆಸ್ಟರ್ನ್ ಡಿಜಿಟಲ್ ಕಂಪನಿಯ 'ಮೈ ಬುಕ್ ಲೈವ್' ಎಂಬ, ಇಂಟರ್‌ನೆಟ್ಟಿಗೆ ಜೋಡಿಸುವ ಡಿಸ್ಕ್‌ಗಳನ್ನು ಕೊಂಡಿದ್ದವರಲ್ಲಿ ಅನೇಕರು, ತಮ್ಮ ಹಲವು ವರ್ಷಗಳ ಸಂಗ್ರಹ ಬರಿದಾಗಿರುವುದನ್ನು ಕಂಡರು. ತಂತಮ್ಮ ಲಾಗ್‌ಗಳನ್ನು ಪರಸ್ಪರ ಹೋಲಿಸಿ ನೋಡಿದಾಗ ಒಂದೇ ಆಜ್ಞೆ ಕಂಡಿತು: ಎಲ್ಲವನ್ನೂ ಒರೆಸಿ, ಕಾರ್ಖಾನೆಯಿಂದ ಬಂದಾಗಿನ ಸ್ಥಿತಿಗೆ ಮರಳು. ಆ ಆಜ್ಞೆಯನ್ನು ಕೊಂಡವರು ಕೊಟ್ಟಿರಲಿಲ್ಲ. ಕಂಪನಿ ಮೊದಲು 2018ರಲ್ಲೇ ಬಯಲಾಗಿದ್ದ ಒಂದು ಲೋಪದ ಕಡೆಗೆ ಬೆರಳು ತೋರಿಸಿತು. ಕೆಲವೇ ದಿನಗಳಲ್ಲಿ ಎರಡನೆಯ ಲೋಪವೂ ಹೊರಬಿತ್ತು. ಒರೆಸುವ ಮುನ್ನ ಪಾಸ್‌ವರ್ಡ್ ಕೇಳಬೇಕಾದ ಸಾಲುಗಳು ಪ್ರೋಗ್ರಾಮಿನಲ್ಲಿ ಇದ್ದವು. 2011ರಲ್ಲಿ ಅದನ್ನು ತಿದ್ದಿ ಬರೆಯುವಾಗ ಕಂಪನಿಯವರೇ ಅವನ್ನು ನಿಷ್ಕ್ರಿಯಗೊಳಿಸಿದ್ದರು. 2015ರ ನಂತರ ಆ ಡಿಸ್ಕ್‌ಗಳಿಗೆ ದುರಸ್ತಿಯ ಪ್ರೋಗ್ರಾಮನ್ನೂ ಕಳಿಸಿರಲಿಲ್ಲ. ನುಗ್ಗಿದವನು ಕಳ್ಳ, ನಿಜ. ಆದರೆ ಬಾಗಿಲಿನ ಅಗುಳಿ ತೆಗೆದಿಟ್ಟವರು ಮನೆ ಕಟ್ಟಿಕೊಟ್ಟವರೇ! ಸತ್ಯ ಹೊರಬಂದ ಮೇಲೆಯೇ ಕಂಪನಿ ತನ್ನ ಖರ್ಚಿನಲ್ಲಿ ಸಂಗ್ರಹವನ್ನು ಹಿಂದಕ್ಕೆ ಪಡೆದುಕೊಡುವ ಏರ್ಪಾಡಿಗೆ ಮುಂದಾಯಿತು.

ಇಲ್ಲಿ ನಾವು ಕಲಿಯಬೇಕಾದ ಪಾಠವಿದೆ. ಕೊಂಡವರ ಕೈಯಲ್ಲಿ ಲಾಗ್ ಇತ್ತು, ಅದನ್ನು ಅವರು ಒಟ್ಟಿಗೆ ಕುಳಿತಂತೆ ಓದಿದರು, ಆದುದರಿಂದ ಕರ್ತೃ ಸಿಕ್ಕಿದ. ನಮ್ಮ ಕಚೇರಿಗಳ ಲಾಗ್ ಯಾರ ಕೈಯಲ್ಲಿದೆ? ಹೊಳಲ್ಕೆರೆಯ ಅಡಿಕೆ ಬೆಳೆಗಾರನಾಗಲಿ ಹೊಸದುರ್ಗದ ತೆಂಗಿನ ತೋಟದವನಾಗಲಿ ಅದನ್ನು ಕೇಳಿ ನೋಡಬಲ್ಲನೇ? ಲೆಕ್ಕ ಹೋದ ದಿನ ಮೊದಲು ನೋಟೀಸು ಸಿಗುವುದು ಹೊರಗುತ್ತಿಗೆಯ ಮೇಲೆ ದುಡಿಯುವ ಆಪರೇಟರಿಗೆ. ಯಂತ್ರ ಕೊಂಡ ಅಧಿಕಾರಿಯನ್ನೂ ಗುತ್ತಿಗೆ ಹಿಡಿದ ಕಂಪನಿಯನ್ನೂ ಯಾರೂ ಕೇಳುವುದಿಲ್ಲ.

ನಾವು ಯಂತ್ರದ ವೈರಿಗಳಲ್ಲ. 2001ರ ಹೊತ್ತಿಗೆ 'ಭೂಮಿ' ಯೋಜನೆ ರಾಜ್ಯದ ಸುಮಾರು 67 ಲಕ್ಷ ಭೂಮಾಲೀಕರ ಪಹಣಿಯನ್ನು ಕಂಪ್ಯೂಟರಿಗೆ ಏರಿಸಿ, 15 ರೂಪಾಯಿಗೆ ಪ್ರತಿ ಸಿಗುವಂತೆ ಮಾಡಿದ್ದು ರೈತರಿಗೆ ಉಪಕಾರವೇ ಆಯಿತು. ತಿದ್ದುವ ನೌಕರ ಬೆರಳಚ್ಚು ಕೊಡಬೇಕೆಂಬ ನಿಯಮ ಕರ್ತೃಪದವನ್ನು ದಾಖಲಿಸುವ ನಿಯಮ. 1974ರ ಭೂಸುಧಾರಣೆಯ ಕಾಲದಲ್ಲಿ ಪಹಣಿಯಲ್ಲಿ ಹೆಸರಿಲ್ಲದ ಗೇಣಿದಾರ ಎಷ್ಟು ಪಾಡುಪಟ್ಟನೆಂಬುದನ್ನು ಬಲ್ಲವರು, ಹಳೆಯ ಕೈಬರಹದ ಕಾಲವೇ ಚೆನ್ನಾಗಿತ್ತೆಂದು ಹೇಳಲಾರರು. ಈಗ ಸಂಘಗಳ ಸರದಿ. 2022ರಲ್ಲಿ ಕೇಂದ್ರ ಸರ್ಕಾರ ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿಯ ಯೋಜನೆ ಮಂಜೂರು ಮಾಡಿತು. ಸಾಲ ತೀರಿಸಿದ ರೈತನ ರಸೀತಿ ಇನ್ನು ಮುಂದೆ ಡಿಸ್ಕಿನಲ್ಲಿರುತ್ತದೆ. ಅದು ಹೋದರೆ ತೀರಿದ ಸಾಲ ಮತ್ತೆ ಬದುಕುತ್ತದೆ.

ಎರಡನೆಯ ಪ್ರತಿ ಇಡಬೇಕೆಂಬ ಬುದ್ಧಿ ಹೊಸದೇನಲ್ಲ. ನಮ್ಮ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಅಶೋಕನ ಒಂದೇ ಶಾಸನವನ್ನು ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂಬ ಮೂರು ಕಡೆ ಬಂಡೆಯ ಮೇಲೆ ಕೊರೆಸಿದ್ದಾರೆ. ಜಟಿಂಗ ರಾಮೇಶ್ವರದ್ದು ಬಹಳ ಸವೆದಿದೆ. ಆದರೂ ಬ್ರಹ್ಮಗಿರಿಯ ಬಂಡೆ ಇರುವುದರಿಂದ ಮಾತು ಉಳಿದಿದೆ. ದಕ್ಷಿಣ ಕೊರಿಯದ ಡೇಜಾನ್ ನಗರದಲ್ಲಿ 2025ರ ಸೆಪ್ಟೆಂಬರ್ 26ರಂದು ಸರ್ಕಾರಿ ದತ್ತಾಂಶ ಕೇಂದ್ರಕ್ಕೆ ಬೆಂಕಿ ಬಿದ್ದಾಗ, ನೌಕರರ ಕಡತಗಳನ್ನಿಟ್ಟಿದ್ದ 858 ಟೆರಾಬೈಟುಗಳ ಭಂಡಾರವೇ ನಾಶವಾಯಿತು. ಹೊರಗೆ ಅದರ ಪ್ರತಿ ಇರಲಿಲ್ಲ.

ಆದುದರಿಂದ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ರೈತರೂ ನೌಕರರೂ ಒಂದಾಗಿ ಕೇಳಬೇಕಾದದ್ದು ಇಷ್ಟು. ಪ್ರತಿ ಸಂಘದ ಲೆಕ್ಕಕ್ಕೂ ಬೇರೊಂದು ಊರಿನಲ್ಲಿ ಪ್ರತಿ ಇರಲಿ. ಅದು ತೆರೆಯುತ್ತದೆಯೇ ಎಂದು ಆಗಾಗ ಸದಸ್ಯರ ಎದುರು ತೆರೆದು ತೋರಿಸಲಿ. ಸದಸ್ಯನ ಕೈಗೆ ಮುದ್ರಿತ ಖಾತೆ ಬರಲಿ. ಲೆಕ್ಕ ಕಾಣೆಯಾದರೆ ಲಾಗನ್ನು ಬಹಿರಂಗಪಡಿಸಿ ಕಾರಣವನ್ನು ಲಿಖಿತವಾಗಿ ತಿಳಿಸಲಿ. ಕಾರಣ ತಿಳಿಯುವ ಮೊದಲು ಕೂಲಿಯ ಆಪರೇಟರನ್ನು ಮನೆಗೆ ಕಳಿಸದಿರಲಿ.

"ಅಳಿಸಿಹೋಯಿತು" ಎಂದವರನ್ನು ಅಲ್ಲಿಯೇ ನಿಲ್ಲಿಸಿ ಕೇಳಿರಿ: ಯಾರು ಅಳಿಸಿದರು, ಹೇಗೆ ಅಳಿಸಿದರು, ಇನ್ನೊಂದು ಪ್ರತಿ ಎಲ್ಲಿದೆ?